ಖಾಲಿ ಕೈಯಲ್ಲಿ ಕಟ್ಟಿದ ಬೀಡಿ

ಕೊರೊನಾ ಮುಗಿದ ಮರುವರ್ಷದ ಮಾತು. ಆಗ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಎಂ.ಆರ್.ಐ. ವಿಭಾಗದಲ್ಲಿ ಹಿರಿಯ ಟೆಕ್ನೀಷಿಯನ್. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಫರಂಗಿಪೇಟೆಯಲ್ಲಿ ಬೆಳಗಿನ ಏಳೂಕಾಲರ ಬಸ್ಸು ಹತ್ತಿ ಬರುತ್ತಿದ್ದೆ. ರೋಗಿಗಳೆಲ್ಲ ನನ್ನನ್ನು ‘ಸಿಸ್ಟರ್’ ಎನ್ನುತ್ತಿದ್ದರು. ನಾನು ನರ್ಸ್ ಅಲ್ಲ, ಜುಬೇದಾ, ಮೆಷಿನ್ ನಡೆಸುವವಳು ಎಂದು ಮೊದಲ ಹತ್ತು ವರ್ಷ ತಿದ್ದಿದೆ. ಆಮೇಲೆ ಸಾಕಾಗಿ ಬಿಟ್ಟುಬಿಟ್ಟೆ.

ಆ ವರ್ಷ ನಮ್ಮ ನ್ಯೂರಾಲಜಿಸ್ಟ್ ಡಾಕ್ಟರ್ ವಿನಯಾ ಒಂದು ಅಧ್ಯಯನ ಶುರುಮಾಡಿದ್ದರು. ಕೈಕಾಲಿನ ಚಲನೆ ಕೆಡುವ ಕಾಯಿಲೆಗಳಲ್ಲಿ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಹೇಗೆ ಬದಲಾಗುತ್ತದೆ ಎಂಬುದು ವಿಷಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಶಿಬಿರ ಮಾಡಿ, ಒಪ್ಪಿದವರನ್ನು ಸ್ಕ್ಯಾನಿಗೆ ಕರೆಸುತ್ತಿದ್ದರು. ಈ ಸ್ಕ್ಯಾನಿನ ಹೆಸರು ಫಂಕ್ಷನಲ್ ಎಂ.ಆರ್.ಐ. ರೋಗಿ ಹತ್ತು ನಿಮಿಷ ಏನೂ ಮಾಡದೆ ಮಲಗಿರಬೇಕು. ಮಿದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಏರಿಳಿಯುತ್ತದೆ ಎಂದು ಯಂತ್ರ ಎರಡು ಮೂರು ಸೆಕೆಂಡಿಗೊಮ್ಮೆ ಅಳೆಯುತ್ತದೆ. ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಭಾಗಗಳ ನಡುವೆ ಮಾತುಕತೆ ಉಂಟು ಎಂದು ಲೆಕ್ಕ. ತಲೆ ಅಲುಗಬಾರದು, ಕೈಯೂ ಅಲುಗಬಾರದು. ಕೇಳಲಿಕ್ಕೆ ಸುಲಭ. ಏನೂ ಮಾಡದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯಬೇಕಾದರೆ ನನ್ನ ಕುರ್ಚಿಯಲ್ಲಿ ಒಂದು ದಿನ ಕೂರಬೇಕು.

ಸಿದ್ಧಕಟ್ಟೆಯಿಂದ ಬಂದ ಲೀಲಕ್ಕನಿಗೆ ಆಗ ನಲವತ್ತಾರು ವರ್ಷ. ಹನ್ನೊಂದನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಒಂದೂವರೆ ವರ್ಷದಿಂದ ಬೀಡಿ ಎಲೆ ಸುರುಳಿ ಸುತ್ತುವಾಗ ಬಲಗೈಯ ತೋರುಬೆರಳು ತಾನಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಬೀಡಿ ಒಡೆದು ಹೊಗೆಸೊಪ್ಪು ಚೆಲ್ಲುತ್ತಿತ್ತು. ಬೇರೆ ಎಲ್ಲ ಕೆಲಸಕ್ಕೂ ಅದೇ ಬೆರಳು ಸರಿ. ಬಟ್ಟೆ ಹಿಂಡುತ್ತಾರೆ, ಮೀನು ಕೊಯ್ಯುತ್ತಾರೆ, ಮಲ್ಲಿಗೆ ಕಟ್ಟುತ್ತಾರೆ. ಅದೇ ಅವರಿಗೆ ಮುಳುವಾಗಿತ್ತು.

“ಅತ್ತೆ ನಾಟಕ ಅಂತ ಹೇಳ್ತಾರೆ ಸಿಸ್ಟರ್,” ಎಂದರು, ಬಳೆ ತೆಗೆದು ನನ್ನ ಕೈಗೆ ಕೊಡುತ್ತ. “ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರೂ ಈಗ ನಗಾಡ್ತಾರೆ. ಗಂಡ ಬಾಯಿಬಿಟ್ಟು ಎಂತ ಹೇಳುದಿಲ್ಲ, ಆದ್ರೆ ನನ್ನ ಮುಖ ನೋಡುದಿಲ್ಲ. ಇದರಲ್ಲಿ ನನ್ನ ತೊಂದರೆ ಕಾಣ್ತದಾ?”

“ಎಲ್ಲ ಕಾಣ್ತದೆ. ನೀವು ಅಲುಗದೆ ಮಲಗಿ, ಸಾಕು,” ಎಂದೆ. ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು. ಹಾಗೆ ಹೇಳಿದ್ದು ತಪ್ಪು. ಅದರ ಫಲ ಆಮೇಲೆ ಬಂತು.

ಸ್ಕ್ಯಾನ್ ಶುರುವಾಗಿ ಎರಡು ನಿಮಿಷ ಆಗಿರಬೇಕು. ಗಾಜಿನ ಆಚೆ ನೋಡುತ್ತೇನೆ, ಹೊದಿಕೆಯ ಮೇಲಿದ್ದ ಲೀಲಕ್ಕನ ಎರಡೂ ಕೈ ಕುಣಿಯುತ್ತಿವೆ. ನಿಲ್ಲಿಸಿ ಮೈಕಿನಲ್ಲಿ ಹೇಳಿದೆ, “ಲೀಲಕ್ಕಾ, ಕೈ ಅಲುಗಿಸಬೇಡಿ.”

“ನಾನು ಅಲುಗಿಸ್ಲೇ ಇಲ್ಲ ಸಿಸ್ಟರ್!”

ಮತ್ತೆ ಶುರು, ಮತ್ತೆ ಅದೇ ಕಥೆ. ನನ್ನ ಸಿಟ್ಟು ನೆತ್ತಿಗೇರಿತು. ಬೈಯಲಿಕ್ಕೆ ಎದ್ದು ಗಾಜಿನ ಹತ್ತಿರ ಹೋದವಳು ಹಾಗೆಯೇ ನಿಂತುಬಿಟ್ಟೆ. ಎಡಗೈ ಎಲೆ ಹಿಡಿಯುತ್ತದೆ. ಬಲಗೈ ಹೊಗೆಸೊಪ್ಪು ಹರಡುತ್ತದೆ. ಸುರುಳಿ, ಮೂತಿ ಮಡಚುವುದು, ನೂಲು ಎರಡು ಸುತ್ತು. ಯಾ ಅಲ್ಲಾ, ಈ ಹೆಂಗಸು ಮೆಷಿನ್ನಿನೊಳಗೆ ಮಲಗಿ ಬೀಡಿ ಕಟ್ಟುತ್ತಿದ್ದಾರೆ!

ಬೇರೆ ಟೆಕ್ನೀಷಿಯನ್ನಿಗೆ ಇದು ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗದೆ ಇರುತ್ತದೆಯೇ? ನನ್ನ ಉಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು. ನಮ್ಮ ಮನೆಯ ಜಗಲಿಯಲ್ಲಿ ಮಧ್ಯಾಹ್ನ ನಾಲ್ಕೈದು ಹೆಂಗಸರು ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂರುತ್ತಿದ್ದರು. ರೇಡಿಯೋ, ನೆನೆಸಿದ ಎಲೆಯ ವಾಸನೆ, ಒಬ್ಬರನ್ನೊಬ್ಬರು ಗೇಲಿ ಮಾಡಿ ನಗು. ಕೈಗಳನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಕೆಲಸ ಮುಗಿದು ಊಟಕ್ಕೆ ಕೂತಾಗಲೂ ಉಮ್ಮನ ಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು. ಆ ಜಗಲಿ ಈಗ ಇಲ್ಲ. ಹೆದ್ದಾರಿ ಅಗಲವಾದಾಗ ಹೋಯಿತು. ಆದರೂ ಆ ಹೊತ್ತಿನಲ್ಲಿ, ಎ.ಸಿ.ಯ ಚಳಿಯಲ್ಲಿ ನಿಂತಿದ್ದ ನನಗೆ ಎಲೆಯ ವಾಸನೆ ಬಂದಂತಾಯಿತು.

ಆದರೆ ಇನ್ನೊಂದನ್ನೂ ಕಂಡೆ. ಖಾಲಿ ಕೈಯಲ್ಲಿ ಕಟ್ಟುವಾಗ ಲೀಲಕ್ಕನ ತೋರುಬೆರಳು ಒಮ್ಮೆಯೂ ಮಡಚಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಆಗ ನನಗೂ ಅನ್ನಿಸಿತು: ಅತ್ತೆ ಹೇಳುವುದು ಸರಿ, ಇದು ನಾಟಕವೇ.

ಕೊನೆಗೆ ಅವರ ಎರಡೂ ಅಂಗೈ ಕೆಳಗೆ ಒಂದೊಂದು ಸ್ಪಂಜ್ ಇಟ್ಟು, ಅದರ ಮೇಲೆ ಕೈ ಹರಡಿಸಿ ಸ್ಕ್ಯಾನ್ ಮುಗಿಸಿದೆ. ಸಂಜೆ ಡಾಕ್ಟರ್ ವಿನಯಾರಿಗೆ ಕಂಡದ್ದನ್ನು ದೂರಿನಂತೆ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ಜುಬೇದಾ, ಈ ಕಾಯಿಲೆಯ ಗುಣವೇ ಅದು. ಡಿಸ್ಟೋನಿಯಾ ಅಂತ. ಕೆಲವರಿಗೆ ಒಂದೇ ಒಂದು ಕೆಲಸಕ್ಕೆ ಬರ್ತದೆ. ಲಕ್ಷಗಟ್ಟಲೆ ಸಲ ಮಾಡಿದ ಕೆಲಸಕ್ಕೆ. ಆ ಕೆಲಸದ ಹೊತ್ತಿಗೆ ಮಾತ್ರ ಮಿದುಳು ತಪ್ಪು ಸ್ನಾಯುವಿಗೆ ಆಜ್ಞೆ ಕೊಡ್ತದೆ. ಕೈಯಲ್ಲಿ ನಿಜವಾದ ಎಲೆ ಇಲ್ಲದಿದ್ದರೆ ಎಷ್ಟೋ ಸಲ ಬೆರಳು ಮಡಚುವುದೇ ಇಲ್ಲ. ಬೇರೆ ಕೆಲಸ ಸರಿ ಇರುವುದೂ ನಾಟಕದ ಗುರುತಲ್ಲ.”

ನಾನು ಹೊರಗೆ ಬಂದೆ. ಉಮ್ಮನ ಕೊನೆಯ ವರ್ಷಗಳ ಬೆರಳು ನೆನಪಾಗಿತ್ತು. ಅದೂ ಬೀಡಿ ಕಟ್ಟುವಾಗ ಮಾತ್ರ ಮಡಚುತ್ತಿತ್ತು. “ರೊಟ್ಟಿ ತಟ್ಟಲಿಕ್ಕೆ ನೆಟ್ಟಗಿರುವ ಬೆರಳು ಬೀಡಿಗೆ ಮಾತ್ರ ಸೊಟ್ಟವಾ ಉಮ್ಮ?” ಎಂದು ನಗಾಡಿದವಳು ನಾನೇ. ಆಗಲೇ ನಾನು ಆಸ್ಪತ್ರೆಯ ಕೆಲಸದಲ್ಲಿದ್ದೆ. ಉಮ್ಮ ತಡ್ಪೆ ಎತ್ತಿಟ್ಟರು.

ಎರಡು ವಾರ ಕಳೆದು ಲೀಲಕ್ಕನ ಫೋನು ಬಂತು. ಗೆರೆ ಎಳೆದಂತೆ ಸಣ್ಣ ಸ್ವರ.

“ರಿಪೋರ್ಟ್ ಬಂತು ಸಿಸ್ಟರ್. ನಾರ್ಮಲ್ ಅಂತ ಬರೆದದ್ದಂತೆ. ಅತ್ತೆ ಅದನ್ನು ಇಡೀ ಓಣಿಗೆ ಓದಿಸಿದ್ರು. ನೀವು ಎಲ್ಲ ಕಾಣ್ತದೆ ಅಂದಿದ್ರಿ ಅಲ್ವಾ?”

ನಡೆದದ್ದು ಇಷ್ಟು: ಸ್ಕ್ಯಾನಿನ ಜೊತೆ ತೆಗೆಯುವ ಮಾಮೂಲಿ ಚಿತ್ರದಲ್ಲಿ ಗಡ್ಡೆ, ರಕ್ತಸ್ರಾವ, ಅಂಥದ್ದೇನೂ ಇಲ್ಲ ಎಂದು ಆ ವರದಿ ಹೇಳುತ್ತದೆ. ಸಂಪರ್ಕದ ವಿಷಯ ಅದರಲ್ಲಿ ಇರುವುದೇ ಇಲ್ಲ. ಓಡಿಹೋಗಿ ಡಾಕ್ಟರಲ್ಲಿ, ಲೀಲಕ್ಕನ ಸಂಪರ್ಕದ ಚಿತ್ರವನ್ನೇ ಒಂದು ಪ್ರಿಂಟ್ ಕೊಡಿ ಎಂದೆ.

“ಕೊಡಬಹುದು, ಆದರೆ ಅದು ಮೋಸ,” ಎಂದರು. “ಹತ್ತಾರು ರೋಗಿಗಳನ್ನು ಹತ್ತಾರು ಆರೋಗ್ಯವಂತರ ಪಕ್ಕದಲ್ಲಿಟ್ಟರೆ ಮಾತ್ರ ವ್ಯತ್ಯಾಸ ಕಾಣುವುದು. ಒಬ್ಬರ ಚಿತ್ರ ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ.”

ಅವರು ಪರೀಕ್ಷೆ ಮಾಡಿ ಕಂಡದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರು. ಅದನ್ನು ಹಿಡಿದು ಭಾನುವಾರ ಬಂಟ್ವಾಳದಲ್ಲಿ ಬಸ್ಸು ಬದಲಿಸಿ ಸಿದ್ಧಕಟ್ಟೆಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ಮಾತು ಕೊಟ್ಟವಳು ನಾನು.

ಅತ್ತೆ ಗಿರಿಜಕ್ಕನಿಗೆ ಎಪ್ಪತ್ತು ದಾಟಿತ್ತು. ತಡ್ಪೆ ಮಡಿಲಲ್ಲೇ ಇತ್ತು. ಆಡಿದ್ದೆಲ್ಲ ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ನಾನು ಕಾಗದ ಓದಿ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

“ಮೊನ್ನೆ ಒಂದು ಕಾಗದ ಏನೂ ಇಲ್ಲ ಅಂತ ಹೇಳಿತು. ಇವತ್ತು ಇನ್ನೊಂದು ಕಾಗದ ಉಂಟು ಅಂತ ಹೇಳ್ತದೆ. ನಾನು ಯಾವುದನ್ನು ನಂಬಬೇಕು ಮಾರಾಯ್ತಿ?”

ನಾನು ಕಾಗದ ಮಡಚಿದೆ. ಬಾಗಿಲ ಬಳಿ ಲೀಲಕ್ಕ ನೆಲ ನೋಡುತ್ತ ನಿಂತಿದ್ದರು. ಆಗ ನನಗೆ ಉಮ್ಮನ ಜಗಲಿ ನೆನಪಾಯಿತು. ಅಲ್ಲಿ ಹೊಸಬರಿಗೆ ಕೆಲಸ ಕಲಿಸುವಾಗ ಹಿರಿಯರು ಅವರ ಮೊಣಕೈಯ ಕೆಳಗೆ ಹಿಡಿದುಕೊಳ್ಳುತ್ತಿದ್ದರು. ಬಿಗಿ ಎಷ್ಟು, ಸಡಿಲ ಎಷ್ಟು ಎಂದು ತಿಳಿಯುವುದು ಹಾಗೆ.

“ಕಾಗದ ಬೇಡ ಗಿರಿಜಕ್ಕ. ನೀವು ಎಷ್ಟೋ ಜನರಿಗೆ ಕೈ ಹಿಡಿದು ಕಲಿಸಿರಬೇಕಲ್ವಾ? ಹಿಡಿದು ನೋಡಿ,” ಎಂದೆ.

ಲೀಲಕ್ಕ ಕೂತರು. ಎಲೆ ತೆಗೆದರು. ಅತ್ತೆ ಸೊಸೆಯ ಮೊಣಕೈಯ ಕೆಳಗೆ ಹಿಡಿದರು. ಮೊದಲನೇ ಸುರುಳಿಗೇ ಬೆರಳು ಮಡಚಿತು, ಬೀಡಿ ಒಡೆಯಿತು. “ಇನ್ನೊಂದು,” ಎಂದರು ಗಿರಿಜಕ್ಕ. ಅದೂ ಒಡೆಯಿತು. ಮೂರನೆಯದರ ಹೊತ್ತಿಗೆ ಅವರು ಕಣ್ಣು ಮುಚ್ಚಿಕೊಂಡಿದ್ದರು.

ಕಣ್ಣು ಬಿಟ್ಟವರು ನನ್ನ ಕಡೆ ನೋಡಲಿಲ್ಲ, ಸೊಸೆಯನ್ನೇ ನೋಡಿದರು.

“ಕಳ್ಳಾಟದ ಕೈ ಸಡಿಲ ಇರ್ತದೆ. ಐವತ್ತು ವರ್ಷ ನೋಡಿದ್ದೇನೆ. ಇದು ಒಳಗಿಂದ ಹಗ್ಗದ ಹಾಗೆ ಎಳೀತದೆ. ಇಷ್ಟು ನೋವು ಇದ್ದದ್ದಾ ನಿನಗೆ?”

ಲೀಲಕ್ಕ ಬಿಕ್ಕಿ ಬಿಕ್ಕಿ ಅತ್ತರು. ಗಿರಿಜಕ್ಕ ಆ ಕೈಯನ್ನು ಬಿಡಲಿಲ್ಲ. ಚೆಲ್ಲಿದ ಹೊಗೆಸೊಪ್ಪನ್ನು ಇನ್ನೊಂದು ಕೈಯಿಂದಲೇ ಗುಡಿಸಿ ತಡ್ಪೆಗೆ ಹಾಕಿದರು.

ಆಮೇಲೆ ಲೀಲಕ್ಕ ಸ್ನಾಯುವಿನ ಬಿಗಿ ಸಡಿಲಿಸುವ ಇಂಜೆಕ್ಷನ್ ತೆಗೆದುಕೊಂಡರು. ಸ್ವಲ್ಪ ಗುಣ ಕಂಡಿತು, ಪೂರ್ತಿ ಅಲ್ಲ. ಈಗ ಬೀಡಿ ಬಿಟ್ಟು ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಾರೆ. ಡಾಕ್ಟರರ ಅಧ್ಯಯನದ ನಕ್ಷೆಯಲ್ಲಿ ಅವರೊಂದು ಚುಕ್ಕಿ. ಆ ಚುಕ್ಕಿಗಳೂ ಬೇಕು, ಅವಿಲ್ಲದೆ ಕಾಯಿಲೆ ಯಾರಿಗೂ ಅರ್ಥವಾಗುವುದಿಲ್ಲ. ಮೆಷಿನ್ನಿನ ಅನ್ನ ತಿಂದವಳು ನಾನು, ಅದನ್ನು ಹಳಿಯಲಾರೆ.

ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ: ಮೆಷಿನ್ನಿಗೆ ಕಾಣದ್ದು ಇಲ್ಲವೆಂದು ಅರ್ಥವಲ್ಲ, ಅದಕ್ಕೆ ಕಾಣುವುದಕ್ಕಿಂತ ಹೆಚ್ಚಿನ ಮಾತನ್ನು ರೋಗಿಗೆ ಕೊಡಬಾರದು. ಮೂವತ್ತು ವರ್ಷದಲ್ಲಿ ಸಾವಿರಾರು ಮಿದುಳುಗಳ ಚಿತ್ರ ತೆಗೆದೆ. ಉಮ್ಮನ ಕೈಯನ್ನು ಮಾತ್ರ ಒಂದು ಸಲವೂ ಹಿಡಿದು ನೋಡಲಿಲ್ಲ.