ಡಿಸ್ಕಿನ ವಾಟ್ನಿ

ಬೆಳಿಗ್ಗೆ ಚಹಾ ಹಿಡಿದು ಕಂಪ್ಯೂಟರ್ ಚಾಲು ಮಾಡಿದರೆ ಕಪ್ಪು ಪರದೆಯ ಮೇಲೆ ಮೂರು ಹೆಸರು ಮೂಡುತ್ತವೆ: ಹೊಸ ವಿಂಡೋಸ್, ಲಿನಕ್ಸ್, ಹಳೇ ವಿಂಡೋಸ್. ಯಾವುದು ಬೇಕು ಹೇಳಪ್ಪಾ ಎಂದು ಹತ್ತು ಸೆಕೆಂಡು ಕಾಯುತ್ತದೆ. ಹತ್ತು ಸೆಕೆಂಡು ಏನು ಮಹಾ ಅನ್ನಬೇಡಿ. ಅಷ್ಟರಲ್ಲೇ ದಿನಾ ಒಮ್ಮೆ ನನ್ನ ಎದೆ ಚುರುಕ್ಕೆನ್ನುತ್ತದೆ.

ಒಂದೇ ಕಂಪ್ಯೂಟರಿನಲ್ಲಿ ಮೂರು ಸಂಸಾರ ಹೂಡುವ ಹುಚ್ಚು ನನಗೆ ಮೊದಲು ಇರಲಿಲ್ಲ. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತ. ಕಚೇರಿ ಕೆಲಸಕ್ಕೆ ಹೊಸ ವಿಂಡೋಸ್ ಬೇಕು. ವಿಡಿಯೋ ನೋಡಿ ಹತ್ತಿಸಿಕೊಂಡ ಶೋಕಿಗೆ ಲಿನಕ್ಸ್ ಬೇಕು. ಡಿಸ್ಕನ್ನು ಎರಡು ಭಾಗ ಮಾಡಿದರಾಯಿತು ಎಂದು ಎರಡು ವರ್ಷದ ಹಿಂದೆ ಒಂದು ಭಾನುವಾರ ಕುಳಿತೆ. ಅಷ್ಟರಲ್ಲಿ ಹಿಂದಿನ ಓಣಿಯಿಂದ ತಂಗಿ ಗಿರಿಜಾ ಬಂದಳು. ಅವಳ ಹತ್ತಿರ ಬ್ಲೌಸಿಗೆ ಕಸೂತಿ ಹಾಕುವ ಕಂಪ್ಯೂಟರ್ ಹೊಲಿಗೆ ಯಂತ್ರವಿದೆ. ಅದರ ನವಿಲು, ಗೋಪುರ ಬಿಡಿಸುವ ಸಾಫ್ಟ್‌ವೇರು ಮಹಾ ಹಟಮಾರಿ, ಹಳೇ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ.

“ನನಗೂ ಒಂದ ಪಾಲ ಹಾಕಣ್ಣಾ” ಎಂದಳು.

ಐನೂರು ಜಿಬಿಯಲ್ಲಿ ನಾನು ಉದಾರವಾಗಿ ಐವತ್ತು ಎಂದೆ.

“ಐವತ್ತ? ದಾನಾ ಮಾಡಾಕ ಹತ್ತಿಯೇನ? ಮೂರ ಪಾಲಂದ್ರ ಮೂರೂ ಸರಿ ಇರಬೇಕ. ಇಲ್ಲಂದ್ರ ಇಲ್ಲೇ ಕುಂತೇನಿ ನೋಡ, ಏಳೂದಿಲ್ಲ.”

ನಾನು ಬೆರಗಾದೆ. ಅಪ್ಪನಿಗೆ ನಾವಿಬ್ಬರೇ ಮಕ್ಕಳು. ಅವರು ತೀರಿಕೊಂಡ ಮೇಲೆ, ಈಗ ಹನ್ನೆರಡು ವರ್ಷವಾಯಿತು, ದೇಗಾಂವ ಕಡೆಯ ಆರು ಎಕರೆ ಹೊಲದಲ್ಲಿ ತನ್ನ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಇದೇ ಗಿರಿಜಾ ತುಟಿ ಪಿಟಕ್ಕೆನ್ನದೆ ಸಹಿ ಹಾಕಿದ್ದಳು. ಆಮೇಲೆ ನಾನು ಕೊಡಿಸಿದ ಜಿಲೇಬಿಯನ್ನೂ ತಿಂದಿದ್ದಳು. ಆರು ಎಕರೆಗೆ ಬಾರದ ಸಿಟ್ಟು ಕಡಿಮೆ ಬಿದ್ದ ನೂರು ಚಿಲ್ಲರೆ ಜಿಬಿಗೆ ಬಂತಲ್ಲ ಎಂದು ನನಗೆ ನಗು.

ನಮ್ಮ ಗದ್ದಲ ಕೇಳಿ ಪಕ್ಕದ ಮನೆಯ ಬಸಣ್ಣ ಕಾಕಾ ಬಂದರು. ಸುತ್ತಲಿನ ಎಷ್ಟೋ ಮನೆತನಗಳ ವಾಟ್ನಿ, ಅಂದರೆ ಆಸ್ತಿಯ ಪಾಲು, ಅವರ ಹಿರಿತನದಲ್ಲೇ ಆಗಿದ್ದು. ಪರದೆಯ ಮೇಲಿನ ಬಣ್ಣದ ಪಟ್ಟಿಗಳನ್ನು ಕನ್ನಡಕ ಏರಿಸಿ ನೋಡಿದರು.

“ಪಾಲ ಮಾಡಿದಂವಾ ಕಡೀಕ ಎತ್ತಬೇಕ. ಗಿರಿಜಾ, ನೀ ಮೊದಲ ಎತ್ತವಾ. ಏನೋ ತಮ್ಮಾ, ನಡುವ ಬದು ಬಿಟ್ಟೀಯೇನ? ಇಲ್ಲಂದ್ರ ನಾಳೆ ಒಬ್ಬರ ದನಾ ಒಬ್ಬರ ಪೀಕಿಗೆ ಬೀಳತಾವ.”

ಹಿರಿಯರ ಮಾತು ಮೀರಲಾದೀತೇ? ಪಾಲು ಪಾಲಿನ ನಡುವೆ ಒಂದೊಂದು ಜಿಬಿ ಬದು ಬಿಟ್ಟೆ. ಇವತ್ತಿಗೂ ಅಲ್ಲಿ ಹುಲ್ಲುಕಡ್ಡಿ ಹುಟ್ಟಿಲ್ಲ. ಗಿರಿಜಾ ನಡುವಿನ ಪಾಲು ಎತ್ತಿದಳು. ಅದನ್ನು ಅಳಿಸಿ ಹಸನು ಮಾಡಲು ಗುಂಡಿ ಒತ್ತಿದರೆ ಹಳದಿ ತ್ರಿಕೋನವೊಂದು ಎದ್ದು ನಿಂತಿತು.

“ಏನಂತೈತಿ ಅದು?” ಎಂದಳು.

“ಇದರಾಗ ಇದ್ದದ್ದೆಲ್ಲಾ ಹೋಗತೈತಿ, ತಿರುಗಿ ಬರೂದಿಲ್ಲ. ಖರೇನ ಅಳಸ್ಲೇನ ಅಂತ ಕೇಳತೈತಿ.”

ಹೂಂ ಎಂದು ಒತ್ತಿದೆ. ಇನ್ನೊಮ್ಮೆ ಕೇಳಿತು.

ಗಿರಿಜಾ ಪರದೆಯನ್ನೇ ನೋಡುತ್ತಿದ್ದಳು. “ಶಾಣ್ಯಾ ಮಶೀನ ಐತಿ ಅಣ್ಣಾ. ಅಳಸೂ ಮೊದ್ಲ ಎರಡೆರಡ ಸಲ ಕೇಳತೈತಿ. ಅವತ್ತ ಹೊಲದ ಕಾಗದಕ್ಕ ಸಹಿ ಮಾಡಿಸಿಕೊಂಡಾಗ ನೀ ನನ್ನ ಒಂದ ಸಲಾನೂ ಕೇಳಲಿಲ್ಲ. ಪೆನ್ನ ಕೈಯಾಗ ಕೊಟ್ಟಿ, ಅಷ್ಟ.”

ಬಸಣ್ಣ ಕಾಕಾ ಟವೆಲು ಕೊಡವಿ, “ದನಕ್ಕ ಹುಲ್ಲ ಹಾಕೂದೈತಿ” ಎಂದು ಎದ್ದು ಹೋದರು. ಅವರ ಮನೆಯಲ್ಲಿ ದನಗಳೇ ಇಲ್ಲ.

ನನಗೆ ಬಹಳ ನಾಚಿಕೆಯಾಯಿತು. ಆದರೆ ನಾಚಿಕೆಯಾದ ಮಾತ್ರಕ್ಕೆ ಹೊಲ ಬಿಡಲು ಮನಸ್ಸು ಬರಬೇಕಲ್ಲ! ದಿನಾ ಬೆಳಿಗ್ಗೆ ಈ ಪೆಟ್ಟಿಗೆ ಯಾವುದು ಬೇಕೆಂದು ನನ್ನನ್ನು ಕೇಳುತ್ತಲೇ ಇತ್ತು. ಒಡಹುಟ್ಟಿದವಳನ್ನು ಅದೇ ಮಾತು ಕೇಳಲು ನನಗೆ ಎರಡು ವರ್ಷ ಹಿಡಿಯಿತು.

ನಿನ್ನೆ ಅವಳ ಮನೆಗೆ ಹೋದೆ. ಅವಳು ಹೊಲಿಗೆ ಯಂತ್ರದ ಮುಂದಿದ್ದಳು. ಎರಡು ಸಲ ಕೆಮ್ಮಿ, “ಗಿರಿಜಾ, ಹೊಲದಾಗ ನಿನ್ನ ಪಾಲ ನಿನಗ ಬರದ ಕೊಡಬೇಕಂತ ಮಾಡೇನಿ. ಯಾವ ಕಡೀದ ಬೇಕ, ವಿಚಾರ ಮಾಡಿ ಹೇಳ. ಅವಸರಿಲ್ಲ” ಎಂದೆ. ‘ಬ್ಯಾಡಣ್ಣಾ, ಇರಲಿ ಬಿಡ’ ಅಂದಾಳು ಎಂಬ ಆಸೆ ಒಳಗೊಳಗೇ ಇತ್ತು, ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ?

ಅವಳು ಯಂತ್ರ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಬಾವಿ ಇರೂ ಕಡೀದು. ಮಾವಿನ ಗಿಡದಿಂದ ಹಿಡದ ರಸ್ತೆ ಮಟ. ಬರೊಬ್ಬರಿ ಮೂರ ಎಕರೆ ಆಗತೈತಿ, ನಾ ಯಾವಾಗೋ ಹೆಜ್ಜಿ ಹಾಕಿ ಅಳದೇನಿ.”