ಹತ್ತಕ್ಕೆ ಆರು

ಯಜಮಾನರು ತೀರಿಕೊಂಡ ಮೇಲೆ, ಮಗಳ ಒತ್ತಾಯಕ್ಕೆ ಆನ್‌ಲೈನ್ ಆಪ್ತಸಮಾಲೋಚನೆಗೆ ಸೇರಿದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ, ಯಲಹಂಕದ ನಮ್ಮ ಸ್ಟಾಫ್‌ರೂಮಿನಲ್ಲಿ ಮೊಬೈಲನ್ನು ಸೀಮೆಸುಣ್ಣದ ಡಬ್ಬಿಗೆ ಒರಗಿಸಿ ಕೂರುತ್ತಿದ್ದೆ. ಮಾತಿಗೆ ಮೊದಲು ಒಂದು ಫಾರಂ ಬರುತ್ತಿತ್ತು: ಈ ವಾರ ದುಃಖ ಹತ್ತಕ್ಕೆ ಎಷ್ಟು? ಪ್ರತಿ ವಾರವೂ ಆರು ಎಂದು ತುಂಬಿಸುತ್ತಿದ್ದೆ.

ಐದನೇ ವಾರ ಸಮಾಲೋಚಕಿ, ನನ್ನ ಮಗಳ ವಯಸ್ಸಿನ ಹುಡುಗಿ, ನಗುತ್ತಾ ಹೇಳಿದಳು: "ಆರು ದಾಟೇ ಇಲ್ಲ ಮೇಡಂ, ಚೆನ್ನಾಗಿ ನಿಭಾಯಿಸ್ತಿದ್ದೀರ. ಇನ್ಮೇಲೆ ತಿಂಗಳಿಗೊಂದ್ಸಲ ಮಾತಾಡಿದ್ರೆ ಸಾಕು."

ನನಗೆ ಗಾಬರಿಯಾಯಿತು. ಇಡೀ ವಾರದಲ್ಲಿ ನಾನು ಅವರ ವಿಷಯ ಮಾತಾಡುತ್ತಿದ್ದುದು ಆ ಮುಕ್ಕಾಲು ಗಂಟೆ ಮಾತ್ರ.

"ಆರು ಕಮ್ಮಿ ಅಲ್ಲಮ್ಮ," ಎಂದೆ. "ಪ್ರಬಂಧಕ್ಕೆ ನಾನು ಏಳರ ಮೇಲೆ ಯಾರಿಗೂ ಕೊಟ್ಟಿಲ್ಲ."

"ಅಯ್ಯೋ, ಇದು ಪ್ರಬಂಧ ಅಲ್ಲ ಮೇಡಂ! ಅಂಕ ಬಿಡಿ. ನಿಮ್ಮ ದಿನ ಹೇಗಿರುತ್ತೆ, ಬೆಳಗ್ಗೆಯಿಂದ ಹೇಳಿ."

"ಆರೂವರೆಗೆ ಹೊರಡ್ತೀನಿ. ಆರ್.ಟಿ. ನಗರದಿಂದ ಯಶವಂತಪುರ, ಅಲ್ಲಿಂದ ಯಲಹಂಕಕ್ಕೆ ಇನ್ನೊಂದು ಬಸ್ಸು."

"ಅಷ್ಟು ಸುತ್ಕೊಂಡಾ? ಹೆಬ್ಬಾಳದ ಮೇಲೆ ಹೋದ್ರೆ ಹತ್ರ ಅಲ್ವಾ?"

"ಹತ್ರಾನೇ. ಅವರು ತೀರ್ಕೊಂಡ ಆಸ್ಪತ್ರೆ ಆ ದಾರೀಲಿ ಕಾಣ್ಸುತ್ತೆ."

ಅವಳು ನನ್ನ ಫಾರಂ ತೆರೆದು ಮತ್ತೊಮ್ಮೆ ನೋಡಿದಳು.

"ಮೇಡಂ, ಇದು ಆರಲ್ಲ. ಮುಂದಿನ ಶನಿವಾರಾನೂ ಮಾತಾಡೋಣ."

ಆ ಶನಿವಾರ ಎಂಟೂವರೆ ತುಂಬಿಸಲು ನೋಡಿದೆ. ಫಾರಂ ಅರ್ಧ ಅಂಕ ಒಪ್ಪಲಿಲ್ಲ; ಒಂಬತ್ತೇ ಕೊಡಬೇಕಾಯಿತು. ನಮ್ಮ ಹತ್ತನೇ ತರಗತಿಯವರಿಗೆ ಇದು ತಿಳಿಯದಿರಲಿ.