‘ತಲುಪಿದೆ’ ಅಂದ ಗೇಟ್‌ವೇ

ಮೂಡಬಿದಿರೆಯಿಂದ ಒಂದೇ ಒಂದು ದೂರು ಬಂದಿರಲಿಲ್ಲ. ಬಂಟ್ವಾಳದವರು ಫೋನ್ ಮಾಡಿ ಬೈಯುತ್ತಿದ್ದರು, ಬೆಳ್ತಂಗಡಿಯವರು ಅದಕ್ಕಿಂತ ಜಾಸ್ತಿ. ಮೂಡಬಿದಿರೆ ಮಾತ್ರ ಸುಮ್ಮನೆ. ಎಷ್ಟು ಒಳ್ಳೆ ಜನ ಎಂದು ನಾವು ನಗುತ್ತಿದ್ದೆವು.

ಎರಡು ಸಾವಿರದ ದಶಕದ ಕೊನೆಯ ಮಾತು. ಬಂಟ್ವಾಳದ ಬಿ.ಸಿ. ರೋಡಿನ ಸಣ್ಣ ಆಫೀಸಿನಲ್ಲಿ ನಾನು ಮತ್ತು ಸಿದ್ಧಕಟ್ಟೆಯ ಸ್ನೇಹಿತ ಸೇರಿ ರಕ್ತದಾನಿಗಳ ವೆಬ್ ಸರ್ವಿಸ್ ನಡೆಸುತ್ತಿದ್ದೆವು. ಆಸ್ಪತ್ರೆಯವರು ಕಂಪ್ಯೂಟರಿನಲ್ಲಿ ರಕ್ತ ಕೇಳಿದರೆ ಆ ಊರಿನ ದಾನಿಗಳ ಮೊಬೈಲಿಗೆ ಮೆಸೇಜು ಹೋಗಬೇಕು. ನಡುವೆ ಕೂತದ್ದು ಗೇಟ್‌ವೇ ಎಂಬ ಪ್ರೋಗ್ರಾಮು. ನಾವು ಬಸ್ಸಿನ ಬೋರ್ಡು ಓದಿದ ಹಾಗೆ ಅದು ಕೋರಿಕೆಯ ಮೇಲಿನ ಊರಿನ ಹೆಸರು ಓದಿ ಆಯಾ ರೂಟಿಗೆ ಕಳಿಸುತ್ತದೆ. ಯಾವ ರೂಟಿಗೂ ಹೊಂದದ್ದಕ್ಕೆ ‘ತಲುಪಿದೆ’ ಎಂದು ಉತ್ತರ ಕೊಟ್ಟು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ರೂಟುಗಳನ್ನೆಲ್ಲ ಬರೆದದ್ದು ಸ್ನೇಹಿತ.

ಒಂದು ಮಧ್ಯಾಹ್ನ ತಂಗಿಯ ಗಂಡನ ಫೋನು. ಅವಳಿಗೆ ಮೂಡಬಿದಿರೆಯಲ್ಲಿ ಹೆರಿಗೆಯಾಗಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ಅವಳದ್ದು ಸುಲಭಕ್ಕೆ ಸಿಗದ ಗುಂಪು.

“ಭಾವ, ನಿಮ್ಮ ಕಂಪ್ಯೂಟರು ತಲುಪಿದೆ, ತಲುಪಿದೆ ಅಂತ ಹೇಳ್ತದೆ. ಎಲ್ಲಿಗೆ ತಲುಪಿದ್ದು? ಇಲ್ಲಿಗೆ ಒಬ್ಬನೂ ಬರ್ಲಿಲ್ಲ.”

ನಾನು ಸ್ನೇಹಿತನ ಕುರ್ಚಿಯ ಹಿಂದೆ ನಿಂತೆ. “ಮೂಡಬಿದಿರೆ ರೂಟ್ ಎಲ್ಲುಂಟು ಮಾರಾಯ?”

“ಇಲ್ಲುಂಟಲ್ಲ, ಬೆದ್ರ. ನಾನೇ ಟೆಸ್ಟ್ ಮಾಡಿದ್ದೇನೆ.”

“ಎಂತ ಹಾಕಿ ಟೆಸ್ಟ್ ಮಾಡಿದ್ದು?”

“ಬೆದ್ರ ಅಂತಲೇ. ನಿಮ್ಮ ಮನೆಯಲ್ಲಿ ಬೆದ್ರಕ್ಕೆ ಬೇರೆ ಎಂತ ಹೇಳ್ತಾರೆ?” ಎಂದವನ ನಗು ಅರ್ಧಕ್ಕೆ ನಿಂತಿತು.

ಮೂಡಬಿದಿರೆಗೆ ತುಳುವಿನಲ್ಲಿ ನಾವೆಲ್ಲ ಹೇಳುವುದು ಬೆದ್ರ ಎಂದೇ. ಆಸ್ಪತ್ರೆಯಿಂದ ಬರುತ್ತಿದ್ದದ್ದು ಮೂಡಬಿದಿರೆ ಎಂದು.

ಅವನು ಹೆಸರು ತಿದ್ದಿದ. ತಂಗಿಯ ಕೋರಿಕೆಯನ್ನು ಮತ್ತೆ ಕಳಿಸಿದ. ಸಂಜೆಯೊಳಗೆ ಇಬ್ಬರು ದಾನಿಗಳು ಬಂದರು, ತಂಗಿ ಉಳಿದಳು. ಅವಳ ಗಂಡ ಫೋನಿನಲ್ಲಿ ಅತ್ತುಬಿಟ್ಟ.

ಸ್ನೇಹಿತ ಮಾತ್ರ ಪರದೆ ಬಿಟ್ಟು ಏಳಲಿಲ್ಲ. ಗೇಟ್‌ವೇ ತನ್ನಲ್ಲೇ ಇಟ್ಟುಕೊಂಡ ಕೋರಿಕೆಗಳ ಪಟ್ಟಿಯಲ್ಲಿ ತಂಗಿಯ ಹೆಸರಿನ ಮೇಲೆ ಅದಕ್ಕೂ ಹಿಂದಿನ ಹೆಸರುಗಳಿದ್ದವು. ಅವುಗಳ ಮೇಲೆ ಇನ್ನೂ ಕೆಲವು. ಎಲ್ಲರಿಗೂ ಅದೇ ‘ತಲುಪಿದೆ’ ಎಂಬ ಉತ್ತರ ಹೋಗಿತ್ತು.

“ಇವರಿಗೆಲ್ಲ ಫೋನ್ ಮಾಡುವನಾ?” ಎಂದ.

“ಮಾಡಿ ಎಂತ ಹೇಳುವುದು?”

ಅವನು ಪಟ್ಟಿಯನ್ನು ಮೇಲಿನ ತುದಿಯವರೆಗೆ ಸರಿಸಿದ. ಎಲ್ಲಕ್ಕಿಂತ ಹಳೆಯ ಕೋರಿಕೆಯಲ್ಲಿದ್ದ ನಂಬರಿಗೆ ನಾನೇ ಮಾಡಿದೆ. ಒಬ್ಬರು ಹೆಂಗಸು ಫೋನ್ ಎತ್ತಿದರು. ನೀವು ಕೇಳಿದ್ದ ರಕ್ತದ ವಿಷಯಕ್ಕೆ ಮಾಡಿದ್ದು ಎಂದೆ.

“ರಕ್ತವಾ?” ಎಂದರು. “ಈಗ ಯಾರಿಗೆ?”